ಹೊಂಡಕ್ಕೆ ಮುಂಚೆ ಎರಡು ಗುಂಟೆ ಜೊಂಡು

ಮೊದಲು ಡ್ರಿಪ್ ಫಿಲ್ಟರ್ ಕಥೆ ಹೇಳಿಬಿಡುತ್ತೇನೆ. ಹೊಂಡಕ್ಕೆ ಬರುವ ನೀರು ತೊಳೆಯೋಕೆ ನಾನು ಜೊಂಡಿನ ಮಡು ಕಟ್ಟಿದ್ದು, ಎಲ್ಲಾ ಶುರುವಾಗಿದ್ದು ಅಲ್ಲಿಂದಲೇ.

ನಮ್ಮ ಜಮೀನಿರುವುದು ಹರಿಹರ ತಾಲ್ಲೂಕಿನಲ್ಲಿ, ಭದ್ರಾ ನಾಲೆಯ ಕೊನೆ ಭಾಗದಲ್ಲಿ. ಎರಡು ಎಕರೆ ಅಡಿಕೆ, ಹತ್ತಿರ ಹತ್ತಿರ ಸಾವಿರ ಗಿಡ. ಕೊನೆ ಭಾಗ ಅಂದರೆ ಗೊತ್ತಲ್ಲ, ನಾಲೆಗೆ ನೀರು ಬಿಟ್ಟ ಸುದ್ದಿ ಮೊದಲು ಬರುತ್ತದೆ, ನೀರು ಎಷ್ಟೋ ದಿನದ ಮೇಲೆ ಬರುತ್ತದೆ. ಅದಕ್ಕೇ 21 ಮೀಟರ್ ಚೌಕ, 3 ಮೀಟರ್ ಆಳದ ಕೃಷಿ ಹೊಂಡ ತೋಡಿಸಿದ್ದೆ. ದಂಡೆಯ ಇಳಿಜಾರು ಕಳೆದರೂ ತುಂಬಿದಾಗ ಸುಮಾರು 9.8 ಲಕ್ಷ ಲೀಟರ್ ಹಿಡಿಯುತ್ತದೆ. ಹೊಂಡ ತುಂಬುವುದು ನಾಲೆಯಿಂದ ನೇರವಾಗಿ ಅಲ್ಲ. ಮೇಲೆ ದೊಡ್ಡಪ್ಪನ ಗದ್ದೆ ಇದೆ, ಅದರ ಮೇಲೆ ಇನ್ನಿಬ್ಬರದು. ಒಟ್ಟು ಐದು ಎಕರೆ ಭತ್ತ. ಆ ಗದ್ದೆಗಳಿಂದ ಇಳಿದು ಬರುವ ಬಸಿಗಾಲುವೆಯ ನೀರೇ ನಮ್ಮ ಪಾಲು.

ಆ ನೀರು ಬರುವಾಗ ಸ್ವಲ್ಪ ಕೆಂಪಗಿರುತ್ತದೆ ಅಷ್ಟೇ. ಹೊಂಡದಲ್ಲಿ ಹತ್ತು ದಿನ ನಿಂತರೆ ಪಾಲಕ್ ಸಾರು. ಡ್ರಿಪ್ ಪೈಪಿಗೆ ಹೋಗುವ ನೀರು ಸೋಸುವ ಡಿಸ್ಕ್ ಫಿಲ್ಟರ್ ಬಿಚ್ಚಿದರೆ ಒಳಗೆ ಹಸಿರು ಲೋಳೆ. ದಿನಕ್ಕೆ ಎರಡು ಸಲ ತೊಳೆದರೂ ಸಂಜೆ ಹೊತ್ತಿಗೆ ಕೊನೆ ಸಾಲಿನ ಗಿಡಕ್ಕೆ ನೀರು ತೊಟ್ಟಿಕ್ಕುವುದು ನಿಲ್ಲುತ್ತಿತ್ತು. ಹೋದ ಬೇಸಿಗೆ ನಾನು ಮತ್ತು ನನ್ನ ಹೆಂಡತಿ ಗುಂಡುಪಿನ್ನು ಹಿಡಿದು ಸಾಲು ಸಾಲಾಗಿ ಕೂತು ಡ್ರಿಪ್ಪರ್ ಬಾಯಿ ಬಿಡಿಸಿದ್ದೇವೆ. ಸಾವಿರ ಗಿಡ, ಗಿಡಕ್ಕೆ ಎರಡು ಡ್ರಿಪ್ಪರ್. ಲೆಕ್ಕ ನೀವೇ ಹಾಕಿ.

ಆಗ ಒಂದು ತಪ್ಪು ಮಾಡಿದೆ. ಅಡಿಕೆಯವರ ಮನೆಯಲ್ಲಿ ಮೈಲುತುತ್ತ ಇದ್ದೇ ಇರುತ್ತದೆ, ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯೋಕೆ. ಅದು ಪಾಚಿಯನ್ನೂ ಕೊಲ್ಲುತ್ತದೆ ಅಂತ ಕೇಳಿದ್ದೆ. ಹೊಂಡಕ್ಕೆ ಹಾಕಿದೆ. ಕೊಂದಿತು ನಿಜ. ಎರಡನೇ ದಿನ ಹಸಿರು ಹೋಗಿ ನೀರು ಕಂದು ಬಣ್ಣಕ್ಕೆ ತಿರುಗಿತು. ಮೂರನೇ ದಿನ ಬೆಳಗಿನ ಜಾವ ಹೊಂಡದಲ್ಲಿ ಸಾಕಿದ್ದ ಕಾಟ್ಲಾ, ರೋಹು ಮೀನೆಲ್ಲಾ ಹೊಟ್ಟೆ ಮೇಲೆ ಮಾಡಿಕೊಂಡು ತೇಲುತ್ತಿದ್ದವು. ಸತ್ತ ಪಾಚಿ ಕೊಳೆಯೋಕೆ ನೀರಿನ ಆಮ್ಲಜನಕವನ್ನೆಲ್ಲ ತಿಂದುಹಾಕಿತ್ತು. ಅದಕ್ಕಿಂತ ಹೊಟ್ಟೆ ಉರಿದಿದ್ದು ಆಮೇಲೆ. ಮೂರು ವಾರಕ್ಕೆ ಹೊಂಡ ಮತ್ತೆ ಹಸಿರಾಯಿತು. ಆಗಲೇಬೇಕು. ಪಾಚಿ ಸತ್ತಿತ್ತು, ಆದರೆ ಪಾಚಿಯ ಊಟ ಎಲ್ಲಿಗೂ ಹೋಗಿರಲಿಲ್ಲ. ಸತ್ತ ಪಾಚಿಯೇ ಮುಂದಿನ ಪಾಚಿಗೆ ಗೊಬ್ಬರ.

ಹಾಗಾಗಿ ನೀರು ಹೊಂಡಕ್ಕೆ ಬೀಳುವ ಮುಂಚೆಯೇ ಆ ಊಟ ಕಿತ್ತುಕೊಳ್ಳಬೇಕು ಅಂತ ಯೋಚನೆ ಬಂತು. ಊಟ ಅಂದರೆ ಎರಡೇ: ಯೂರಿಯಾದ ಸಾರಜನಕ, ಡಿಎಪಿ ಗೊಬ್ಬರದ ರಂಜಕ. 45 ಕೆಜಿಯ ಒಂದು ಯೂರಿಯಾ ಚೀಲದಲ್ಲಿ ಹತ್ತಿರ 21 ಕೆಜಿ ಸಾರಜನಕ ಇರುತ್ತದೆ. ನೀರು ನಿಂತ ಗದ್ದೆಗೆ ಎರಚಿದರೆ ಅದರಲ್ಲಿ ಅರ್ಧವನ್ನೂ ಭತ್ತ ತಗೊಳ್ಳುವುದಿಲ್ಲ. ಉಳಿದಿದ್ದರಲ್ಲಿ ಒಂದಷ್ಟು ಗಾಳಿಗೆ ಹೋಗುತ್ತದೆ, ಒಂದಷ್ಟು ಮಣ್ಣಿನಲ್ಲಿ ಉಳಿಯುತ್ತದೆ, ಒಂದಷ್ಟು ನಮ್ಮ ಬಸಿಗಾಲುವೆಗೆ ಇಳಿಯುತ್ತದೆ.

ಸೊನ್ನೆ ತೋರಿಸಿದ ಪಟ್ಟಿ

ಮೊದಲು ನೀರಿನಲ್ಲಿ ಎಷ್ಟಿದೆ ಅಂತ ನೋಡಬೇಕಲ್ಲ. ಅಕ್ವೇರಿಯಂ ಇಟ್ಟುಕೊಂಡವರು ಬಳಸುವ ನೈಟ್ರೇಟ್ ಪಟ್ಟಿ ತರಿಸಿದೆ. ಬಸಿಗಾಲುವೆ ನೀರಿಗೆ ಅದ್ದಿದೆ. ಬಣ್ಣವೇ ಬದಲಾಗಲಿಲ್ಲ. ಮೂರು ದಿನ ಅದ್ದಿದೆ, ಮೂರು ದಿನವೂ ಸೊನ್ನೆ. ಪಟ್ಟಿ ಹಳೆಯದು ಕೊಟ್ಟಿದ್ದಾರೆ ಅಂತ ಅಂಗಡಿಯವನನ್ನು ಬೈದುಕೊಂಡೆ.

ತಪ್ಪು ಅಂಗಡಿಯವನದಲ್ಲ. ಕೆಸರು ಗದ್ದೆಯಲ್ಲಿ ಮಣ್ಣಿಗೆ ಗಾಳಿ ಆಡುವುದಿಲ್ಲ. ಅಲ್ಲಿ ಯೂರಿಯಾ ಕೆಲವೇ ದಿನದಲ್ಲಿ ಅಮೋನಿಯಾ ಆಗುತ್ತದೆ. ಆದರೆ ಅಮೋನಿಯಾ ನೈಟ್ರೇಟ್ ಆಗಬೇಕಾದರೆ ಗಾಳಿ ಬೇಕು. ಗಾಳಿ ಇಲ್ಲದ ಗದ್ದೆಯಲ್ಲಿ ಅದು ಅಮೋನಿಯಾ ಆಗಿಯೇ ಉಳಿಯುತ್ತದೆ. ಒಣ ಬೇಸಾಯದ ಮೆಕ್ಕೆಜೋಳದ ಹೊಲ ಆಗಿದ್ದರೆ ನೈಟ್ರೇಟ್ ಪಟ್ಟಿ ಮಾತಾಡುತ್ತಿತ್ತು. ಭತ್ತದ ನೀರಿಗೆ ಅಮೋನಿಯಾ ಕಿಟ್ ಬೇಕು. ಅದನ್ನು ತರಿಸಿ, ದೊಡ್ಡಪ್ಪ ಯೂರಿಯಾ ಎರಚಿದ ಮೂರನೇ ದಿನ ಹನಿ ಹಾಕಿ ನೋಡಿದೆ. ಕಡು ಹಸಿರು. 4 ಪಿಪಿಎಂ ಹತ್ತಿರ, ಅಂದರೆ ಲೀಟರಿಗೆ 4 ಮಿಲಿಗ್ರಾಂ. ರಂಜಕದ ಕಿಟ್ಟಿನಲ್ಲೂ ಒಳ್ಳೆಯ ನೀಲಿ ಬಂತು.

ಇದನ್ನು ಇಷ್ಟುದ್ದ ಹೇಳೋಕೆ ಕಾರಣ ಇದೆ. ನೀರಿನಲ್ಲಿ ಯಾವ ರೂಪದ ಸಾರಜನಕ ಇದೆ ಅನ್ನುವುದರ ಮೇಲೆ ಇಡೀ ಮಡುವಿನ ನಕ್ಷೆ ನಿಂತಿದೆ. ನಾನು ಅದನ್ನು ತಿಳಿದುಕೊಂಡೂ ಮೊದಲ ಸಲ ತಪ್ಪು ಮಾಡಿದೆ. ಅದು ಮುಂದೆ ಬರುತ್ತದೆ.

ಗಿಡ ನೆಟ್ಟ ಮಡುವಿನಲ್ಲಿ ನೀರು ಹಾಯಿಸಿ ತೊಳೆಯುವ ಉಪಾಯ ಹೊಸದೇನಲ್ಲ. ಜರ್ಮನಿಯಲ್ಲಿ ಕೇಟೆ ಜೈಡೆಲ್ ಅನ್ನುವ ಸಸ್ಯ ವಿಜ್ಞಾನಿ 1950ರ ದಶಕದಲ್ಲೇ ಕೊಳಕು ನೀರಿಗೆ ಜೊಂಡಿನ ಜಾತಿಯ ಗಿಡ ಬೆಳೆಸಿ ನೋಡಿದ್ದರು. ಊರ ಚರಂಡಿ ನೀರಿಗೆ ಜಲ್ಲಿ ತುಂಬಿ, ನೀರು ಜಲ್ಲಿಯೊಳಗೇ ಹರಿಯುವ ಹಾಗೆ ಮಾಡುವವರೂ ಇದ್ದಾರೆ, ರೂಟ್ ಝೋನ್ ಅನ್ನುತ್ತಾರೆ. ಗದ್ದೆ ನೀರಿಗೆ ಅದು ಬೇಡ. ನಮ್ಮ ನೀರಿನಲ್ಲಿ ಹೂಳು ಜಾಸ್ತಿ, ಒಂದೇ ಬೆಳೆಗೆ ಜಲ್ಲಿ ಸಂದು ಮುಚ್ಚಿಹೋಗುತ್ತದೆ. ನೀರು ಮೇಲೆ ಕಾಣುವ ಹಾಗೆ ಒಂದಡಿ ನಿಂತು, ಗಿಡದ ನಡುವೆ ನಿಧಾನಕ್ಕೆ ಸಾಗಬೇಕು. ಅಂದರೆ ಇನ್ನೊಂದು ಗದ್ದೆಯೇ. ಭತ್ತದ ಬದಲು ಜೊಂಡು.

ಬಕೆಟ್ ಲೆಕ್ಕ

ಬಸಿಗಾಲುವೆಗೆ ಒಂದು ಪಿವಿಸಿ ಪೈಪ್ ಇಟ್ಟು, ಮಣ್ಣು ಕಟ್ಟಿ, ನೀರೆಲ್ಲ ಅದರಲ್ಲೇ ಬೀಳುವ ಹಾಗೆ ಮಾಡಿದೆ. 20 ಲೀಟರ್ ಬಕೆಟ್ 12 ಸೆಕೆಂಡಿಗೆ ತುಂಬಿತು. ದಿನಕ್ಕೆ 1,44,000 ಲೀಟರ್. ಈ ನೀರು ಮಡುವಿನಲ್ಲಿ ಎರಡು ದಿನವಾದರೂ ಇರಬೇಕು ಅಂದರೆ ಕಾಲು ಎಕರೆಗಿಂತ ಜಾಸ್ತಿ ಜಾಗವೇ ಬೇಕಾಗುತ್ತದೆ. ಅಷ್ಟು ಅಡಿಕೆ ಕಡಿದು ಜೊಂಡು ಬೆಳೆಯೋಕೆ ಹೋದರೆ ಮನೆಯಲ್ಲಿ ಊಟ ಸಿಗುವುದಿಲ್ಲ.

ಎರಡು ರಾತ್ರಿ ತಲೆ ಕೆಡಿಸಿಕೊಂಡ ಮೇಲೆ ಹೊಳೆಯಿತು. ಎಲ್ಲಾ ನೀರು ನನಗೆ ಯಾಕೆ? ಗಿಡಕ್ಕೆ ದಿನಕ್ಕೆ 20 ಲೀಟರ್ ಅಂದರೆ ಸಾವಿರ ಗಿಡಕ್ಕೆ 20,000 ಲೀಟರ್. ಅಷ್ಟು, ಮೇಲೆ ಐದು ಸಾವಿರ ಸೇರಿಸಿ ತಗೊಂಡು, ಉಳಿದಿದ್ದನ್ನು ಹಳೆ ದಾರಿಯಲ್ಲೇ ಹಳ್ಳಕ್ಕೆ ಬಿಟ್ಟರಾಯಿತು. 20 ಲೀಟರ್ ಬಕೆಟ್ 70 ಸೆಕೆಂಡಿಗೆ ತುಂಬುವ ಹಾಗೆ ಗೇಟ್ ವಾಲ್ವ್ ತಿರುಗಿಸಿ ನಿಲ್ಲಿಸಿದರೆ ದಿನಕ್ಕೆ ಸುಮಾರು 25,000 ಲೀಟರ್.

ಮಡು 120 ಅಡಿ ಉದ್ದ, 18 ಅಡಿ ಅಗಲ. ಎರಡು ಗುಂಟೆಗೆ ಕೂದಲೆಳೆ ಕಡಿಮೆ. ಒಂದಡಿ ನೀರು ನಿಂತರೆ 61,000 ಲೀಟರ್. ಗಿಡ, ಕೆಸರು ಹಿಡಿಯುವ ಜಾಗ ಕಳೆದು 50,000 ಅನ್ನಿ. ಎರಡು ದಿನದ ನೀರು. ಅಡಿಕೆ ಸಾಲಿಗೂ ಹೊಂಡಕ್ಕೂ ನಡುವೆ ಟ್ರ್ಯಾಕ್ಟರ್ ತಿರುಗಿಸೋಕೆ ಬಿಟ್ಟಿದ್ದ ಜಾಗ ಅಳೆದರೆ ಸರಿಯಾಗಿ ಅಷ್ಟೇ ಇತ್ತು. ಒಂದು ಗಿಡವನ್ನೂ ಕಡಿಯಲಿಲ್ಲ.

ಅಗೆತ

ನಾಲೆ ನಿಂತ ಮೇಲೆ ಜೂನ್‌ನಲ್ಲಿ ಜೆಸಿಬಿ ತರಿಸಿದೆ. ನಾಲ್ಕು ಗಂಟೆ ಕೆಲಸ. ನೀರು ಒಳಬರುವ ಬಾಯಲ್ಲಿ 8 ಅಡಿ ಉದ್ದ, 6 ಅಡಿ ಅಗಲ, 4 ಅಡಿ ಆಳದ ಹೂಳು ಗುಂಡಿ. ಅದರಾಚೆ ಉದ್ದದ ಮಡು, ಕೊನೆಗೆ ಅಡ್ಡಲಾಗಿ ಮೂರಡಿ ಅಗಲ, ಎರಡಡಿ ಆಳದ ಚರಂಡಿ. ಆ ಚರಂಡಿಗೆ ಇಟ್ಟಿಗೆ ಭಟ್ಟಿಯಿಂದ ಒಂದು ಟ್ರ್ಯಾಕ್ಟರ್ ಇಟ್ಟಿಗೆ ಚೂರು ತಂದು ತುಂಬಿಸಿದೆ. ಇಟ್ಟಿಗೆಯಲ್ಲಿರುವ ಕಬ್ಬಿಣ, ಅಲ್ಯೂಮಿನಿಯಂ ರಂಜಕವನ್ನು ಹಿಡಿದಿಟ್ಟುಕೊಳ್ಳುತ್ತವೆ. ಪುಡಿ ತೊಳೆದು ಹಾಕಿ. ನಾನು ತೊಳೆಯದೆ ಹಾಕಿ ಒಂದು ವಾರ ಕೆಂಪು ನೀರು ನೋಡಿದೆ.

ತಳಕ್ಕೆ ಪ್ಲಾಸ್ಟಿಕ್ ಶೀಟ್ ಹಾಸಬೇಕು ಅಂತ ಹೇಳಿದವರು ಬಹಳ ಜನ. ನಮ್ಮದು ಎರೆ ಮಣ್ಣು. ಒಣಗಿದರೆ ಕೈ ತೂರುವಷ್ಟು ಬಿರುಕು ಬಿಡುತ್ತದೆ, ನಿಜ. ಆದರೆ ಇದೇ ಮಣ್ಣಿನಲ್ಲಿ ನಮ್ಮಜ್ಜನ ಕಾಲದಿಂದ ಭತ್ತಕ್ಕೆ ನೀರು ನಿಲ್ಲಿಸಿಲ್ಲವೇ? ಮಳೆ ನೀರು ಕಟ್ಟಿ, ಟ್ರ್ಯಾಕ್ಟರ್‌ಗೆ ಕೇಜ್ ವೀಲ್ ಹಾಕಿ ನಾಟಿಗೆ ತುಳಿಸುವ ಹಾಗೆ ಮೂರು ಸಲ ಕೆಸರು ತುಳಿಸಿದೆ. ಶೀಟಿನ ದುಡ್ಡು ಉಳಿಯಿತು. ಒಂದೇ ಷರತ್ತು, ಮಡು ಯಾವತ್ತೂ ಪೂರ್ತಿ ಒಣಗಬಾರದು. ಬೇಸಿಗೆ ಬೆಳೆಗೆ ನಾಲೆಯಲ್ಲಿ ಆನ್-ಆಫ್ ಮಾಡಿ ನೀರು ಬಿಡುತ್ತಾರಲ್ಲ, ಆಫ್ ಇದ್ದಾಗ ಕೊನೆಯ ಪೈಪ್ ಮುಚ್ಚಿ, ನಾಲ್ಕು ದಿನಕ್ಕೊಮ್ಮೆ ಹೊಂಡದಿಂದಲೇ ಒಂದು ಗಂಟೆ ಮೋಟಾರ್ ಹಾಕಿ ತಿರುಗಿ ಮಡುವಿಗೆ ಬಿಡುತ್ತೇನೆ.

ಮಟ್ಟದ ವಿಷಯದಲ್ಲಿ ಜಿಪುಣತನ ಮಾಡಬೇಡಿ. ಕಣ್ಣಳತೆ ನಂಬಬೇಡಿ. ಗಾರೆ ಕೆಲಸದವರು ಬಳಸುವ ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ ಹತ್ತು ಕಡೆ ಮಟ್ಟ ನೋಡಿದೆ. ನಡುವೆ ಒಂದು ಕಡೆ ಅರ್ಧ ಅಡಿ ಉಬ್ಬಿತ್ತು. ಅಲ್ಲಿ ನೀರೇ ನಿಲ್ಲುತ್ತಿರಲಿಲ್ಲ, ಜೊಂಡಿನ ಬದಲು ಗರಿಕೆ ಬೆಳೆಯುತ್ತಿತ್ತು.

ನಾಟಿ

ಗಿಡಕ್ಕೆ ದುಡ್ಡು ಕೊಡುವ ಕೆಲಸವೇ ಇಲ್ಲ. ಜೊಂಡು ಬಸಿಗಾಲುವೆ ತುಂಬಾ ಇದೆ. ಗೆಡ್ಡೆ ಸಮೇತ ಕಿತ್ತು, ಎರಡಡಿಗೆ ಒಂದರಂತೆ ನಾಲ್ಕು ಆಳು ಒಂದು ದಿನ ನೆಟ್ಟರು. 500 ಗೆಡ್ಡೆ. ದಂಡೆಗೆ ಮಣ್ಣು ಜಾರದ ಹಾಗೆ ಲಾವಂಚ, ಕೊನೆಯ ಇಟ್ಟಿಗೆ ಚರಂಡಿಗೆ ಕ್ಯಾನಾ ಹೂವಿನ ಗಿಡ.

ದೊಡ್ಡಪ್ಪ ಬದುವಿನ ಮೇಲೆ ನಿಂತು ನೋಡುತ್ತಿದ್ದರು.

"ಏನಲೇ, ತಲೆ ಕೆಟ್ಟೈತೇನು? ಜೊಂಡು ಕೀಳಾಕ ಆಳು ಸಿಗ್ತಿಲ್ಲ ಅಂತ ಊರೆಲ್ಲಾ ಬಡಕಂತಾರ. ನೀನ್ ನೋಡಿದ್ರ ಆಳು ಹಚ್ಚಿ ನೆಡಿಸಾಕತ್ತೀಯ!"

"ಗೊಬ್ಬರ ತಿನ್ನಾಕ ನೆಡ್ತಿದೀನಿ ದೊಡ್ಡಪ್ಪ."

"ಯಾರ್ ಗೊಬ್ಬರ?"

"ನಿಮ್ದೇ."

ಅವರು ಏನೂ ಹೇಳದೆ ಹೋದರು.

ಅಂತರಗಂಗೆ ಬಿಟ್ಟರೆ ಇನ್ನೂ ಬೇಗ ಗೊಬ್ಬರ ಹೀರುತ್ತದೆ, ಯಾಕೆ ಬಿಡಲಿಲ್ಲ ಅಂತ ಕೇಳುವವರಿದ್ದಾರೆ. ಹೀರುತ್ತದೆ, ಸುಳ್ಳಲ್ಲ. ಅದು ನೀರನ್ನು ಹೇಗೆ ಮುಚ್ಚಿಬಿಡುತ್ತದೆ ಅಂತ ತಿಳಿಯೋಕೆ ದೇವರಬೆಳಕೆರೆ ಪಿಕಪ್ ಅಣೆಕಟ್ಟಿನ ಕಡೆ ಒಂದು ಸಲ ಹೋಗಿ ಬನ್ನಿ, ಆಮೇಲೆ ಆ ಹೆಸರು ಎತ್ತುವುದಿಲ್ಲ. ನಮ್ಮ ಮಡುವಿನಿಂದ ಒಂದು ಗಿಡ ಹಳ್ಳಕ್ಕೆ ತೇಲಿಹೋದರೂ ಕೆಳಗಿನವರ ಶಾಪ ನನಗೆ.

ಮೊದಲ ನಾಟಿಯಲ್ಲಿ ಅರ್ಧಕ್ಕರ್ಧ ಕೊಳೆಯಿತು. ಆಳುಗಳು ಹೊರೋಕೆ ಹಗುರ ಆಗಲಿ ಅಂತ ಎಲೆಯನ್ನು ಗೇಣುದ್ದಕ್ಕೆ ಕತ್ತರಿಸಿದ್ದರು. ಆ ರಾತ್ರಿ ಮಳೆ ಬಂದು ಒಂದೂವರೆ ಅಡಿ ನೀರು ನಿಂತಿತು. ಜೊಂಡು ಉಸಿರಾಡುವುದು ಎಲೆಯ ಮೂಲಕ. ಎಲೆಯೊಳಗೆ ಕೊಳವೆಯ ಹಾಗೆ ಗೂಡು ಗೂಡು ಇರುತ್ತದೆ, ಅದರಲ್ಲಿ ಗಾಳಿ ಗೆಡ್ಡೆಗೆ ಇಳಿಯುತ್ತದೆ. ಕತ್ತರಿಸಿದ ತುದಿ ನೀರಿನಡಿ ಮುಳುಗಿದರೆ ಗೆಡ್ಡೆ ಉಸಿರುಗಟ್ಟಿ ಸಾಯುತ್ತದೆ. ಕೆರೆಯಲ್ಲಿ ಜೊಂಡು ನಾಶ ಮಾಡಬೇಕಾದವರಿಗೆ ಇದು ಒಳ್ಳೆ ಉಪಾಯ. ಬೆಳೆಸಬೇಕಾದವನು ನಾನು. ಎರಡನೇ ಸಲ ಎಲೆ ಎರಡಡಿ ಬಿಟ್ಟು ನೆಟ್ಟು, ಚಿಗುರು ಬರುವ ತನಕ ನಾಲ್ಕು ಬೆರಳು ನೀರು ಮಾತ್ರ ನಿಲ್ಲಿಸಿದೆ. ಹದಿನೈದು ದಿನಕ್ಕೆ ಕತ್ತಿಯಂಥ ಚಿಗುರು.

ಆಮೇಲೆ ಎಮ್ಮೆ. ಪಕ್ಕದವರ ಎರಡು ಎಮ್ಮೆ ಒಂದು ಮಧ್ಯಾಹ್ನ ಹಗ್ಗ ಬಿಚ್ಚಿಕೊಂಡು ಬಂದು, ಹೊಸ ಚಿಗುರಿನ ನಡುವೆ ಕಣ್ಣು ಮುಚ್ಚಿ ಮಲಗಿದ್ದವು. ತುಳಿಸಿದ ಕೆಸರು, ಒಂದಡಿ ನೀರು, ಮೇಲೆ ಎಳೆ ಹುಲ್ಲು. ಎಮ್ಮೆಗೆ ಅದಕ್ಕಿಂತ ಇನ್ನೇನು ಬೇಕು? ಅವುಗಳ ತಪ್ಪಲ್ಲ. ಮರುದಿನವೇ ಬೇಲಿ ಹಾಕಿಸಿದೆ. ಇದನ್ನು ಮೊದಲೇ ಹಾಕಿಸಿ.

ಮಂಡಕ್ಕಿ ಬಿಟ್ಟು ನೋಡಿದ್ದು

ಆಗಸ್ಟ್‌ನಲ್ಲಿ ನಾಲೆ ನೀರು ಬಂತು. ಮೊದಲ ದಿನ ಪರೀಕ್ಷೆಗೆ ಅಂತ ಬಸಿಗಾಲುವೆಯ ನೀರನ್ನು ಪೂರ್ತಿ ಮಡುವಿಗೆ ತಿರುಗಿಸಿದೆ. ಲೆಕ್ಕದ ಪ್ರಕಾರ ಈ ಕಡೆ ಬಿದ್ದ ನೀರು ಆ ಕಡೆ ಸೇರೋಕೆ ಎಂಟು ಗಂಟೆ ಬೇಕು. ನಿಜಕ್ಕೂ ಬೇಕಾ ಅಂತ ನೋಡೋದು ಹೇಗೆ? ಮನೆಯಲ್ಲಿ ಮಂಡಕ್ಕಿ ಚೀಲ ಇತ್ತು. ದಾವಣಗೆರೆ ಕಡೆಯ ಮನೆಯಲ್ಲಿ ಅದು ಇಲ್ಲದ ದಿನ ಇದೆಯೇ? ಎರಡು ಬೊಗಸೆ ತಂದು ಮಡುವಿನ ಬಾಯಲ್ಲಿ ಚೆಲ್ಲಿದೆ.

ನಲವತ್ತು ನಿಮಿಷಕ್ಕೆ ಮಂಡಕ್ಕಿ ಕೊನೆ ಪೈಪಿನ ಹತ್ತಿರ ಬಂತು. ಗಾಳಿಯೂ ಸ್ವಲ್ಪ ತಳ್ಳಿರಬಹುದು, ಆದರೂ ಎಂಟು ಗಂಟೆ ಎಲ್ಲಿ, ನಲವತ್ತು ನಿಮಿಷ ಎಲ್ಲಿ. ಬಲಗಡೆ ದಂಡೆಯ ಬುಡದಲ್ಲಿ ಜೆಸಿಬಿ ಬಕೆಟ್ಟಿನ ಗುರುತು ಒಂದು ಸಣ್ಣ ಕಾಲುವೆಯ ಹಾಗೆ ಉಳಿದಿತ್ತು. ನೀರೆಲ್ಲ ಅದರಲ್ಲೇ ನುಗ್ಗುತ್ತಿತ್ತು. ಉಳಿದ ಮಡುವಿನಲ್ಲಿ ಜೊಂಡು ಸುಮ್ನೆ ನಿಂತ ನೀರಿನಲ್ಲಿ ನಿಂತಿತ್ತು.

ಮತ್ತೆ ನೀರು ಇಳಿಸಿ, ಆ ಗುರುತಿಗೆ ಮಣ್ಣು ತುಂಬಿ ತುಳಿಸಿದೆ. 30 ಅಡಿಗೊಂದರಂತೆ ಮೂರು ಅಡ್ಡ ಬದು ಹಾಕಿ ಮಡುವನ್ನು ನಾಲ್ಕು ಅಂಕಣ ಮಾಡಿದೆ. ಒಂದಕ್ಕೆ ಎಡಗಡೆ ಬಾಯಿ, ಇನ್ನೊಂದಕ್ಕೆ ಬಲಗಡೆ. ಈಗ ನೀರು ಹಾವಿನ ಹಾಗೆ ಸುತ್ತಿಕೊಂಡು ಹೋಗಬೇಕು. ಎರಡನೇ ಸಲ ಚೆಲ್ಲಿದ ಮಂಡಕ್ಕಿಯಲ್ಲಿ ಒಂದು ಕಾಳೂ ಕೊನೆ ಮುಟ್ಟಲಿಲ್ಲ. ನಡುವೆಯೇ ನೆನೆದು ಮುಳುಗಿತು.

ಬೆಂಡು ಎಲ್ಲಿಡಬೇಕಿತ್ತು

ಈಗ ಆ ದೊಡ್ಡ ತಪ್ಪಿನ ವಿಷಯ. ಸಾರಜನಕವನ್ನು ನೀರಿನಿಂದ ಶಾಶ್ವತವಾಗಿ ಓಡಿಸುವ ಒಂದು ದಾರಿ ಇದೆ. ಗಾಳಿ ಇಲ್ಲದ ಕೆಸರಿನಲ್ಲಿ ಕೆಲವು ಬ್ಯಾಕ್ಟೀರಿಯಾ ನೈಟ್ರೇಟನ್ನೇ ಉಸಿರಾಡಿ ಸಾರಜನಕವನ್ನು ಗಾಳಿಗೆ ಬಿಡುತ್ತವೆ. ಗಾಳಿಯಲ್ಲಿ ಮೊದಲೇ ನೂರಕ್ಕೆ 78 ಭಾಗ ಅದೇ ಇದೆ, ತೊಂದರೆ ಇಲ್ಲ. ಈ ಬ್ಯಾಕ್ಟೀರಿಯಾಕ್ಕೆ ತಿನ್ನೋಕೆ ಇಂಗಾಲ ಬೇಕು: ಹುಲ್ಲು, ಮರದ ಚೂರು, ಏನಾದರೂ. ನಮ್ಮ ಜಿಲ್ಲೆಯಲ್ಲಿ ಮೆಕ್ಕೆಜೋಳಕ್ಕೆ ಬರವೇ? ಕಾಳು ಬಿಡಿಸಿದ ಮೇಲೆ ಉಳಿಯುವ ಬೆಂಡನ್ನು ಹನ್ನೆರಡು ಗೋಣಿಚೀಲಕ್ಕೆ ತುಂಬಿ ಮಡುವಿನಲ್ಲಿ ಮುಳುಗಿಸಿದೆ. ಹೂಳು ಗುಂಡಿ ದಾಟಿದ ಕೂಡಲೇ, ಮೊದಲ ಅಂಕಣದಲ್ಲಿ.

ಒಂದು ವಾರ ನೀರು ಟೀ ಬಣ್ಣ, ಕೊಳೆತ ವಾಸನೆ. ಆ ನೀರನ್ನು ಹೊಂಡಕ್ಕೆ ಬಿಡಲಿಲ್ಲ. ಬಣ್ಣ ಹೋದ ಮೇಲೆ ಅಮೋನಿಯಾ ನೋಡಿದೆ. ಬರುವಾಗ 3, ಹೋಗುವಾಗ 2. ಅಷ್ಟೆಲ್ಲ ಕಷ್ಟಪಟ್ಟಿದ್ದಕ್ಕೆ ಒಂದು ಪಿಪಿಎಂ!

ಎಲ್ಲಿ ಎಡವಿದೆ ಅಂತ ತಿಳಿಯೋಕೆ ಹತ್ತು ದಿನ ಹಿಡಿಯಿತು. ನಮ್ಮ ನೀರಿನಲ್ಲಿ ಇರುವುದು ಅಮೋನಿಯಾ. ಆ ಬ್ಯಾಕ್ಟೀರಿಯಾಕ್ಕೆ ಬೇಕಾಗಿದ್ದು ನೈಟ್ರೇಟ್. ನಡುವೆ ಗಾಳಿ ಬೇಕಾದ ಒಂದು ಮೆಟ್ಟಿಲಿದೆ. ನಾನು ಬಾಗಿಲಲ್ಲೇ ಬೆಂಡು ಕೊಳೆಹಾಕಿ, ಇದ್ದಬದ್ದ ಆಮ್ಲಜನಕವನ್ನು ಅಲ್ಲೇ ಮುಗಿಸಿಬಿಟ್ಟಿದ್ದೆ. ಮುಂದೆ ಹೋದ ನೀರಿನಲ್ಲಿ ಅಮೋನಿಯಾ ನೈಟ್ರೇಟ್ ಆಗೋಕೆ ಉಸಿರೇ ಇರಲಿಲ್ಲ.

ಎಲ್ಲಾ ಉಲ್ಟಾ ಮಾಡಿದೆ. ಬೆಂಡಿನ ಚೀಲ ಎಳೆದು ಕೊನೆಯ ಅಂಕಣಕ್ಕೆ ಹಾಕಿದೆ. ನೆನೆದ ಗೋಣಿ ಎಷ್ಟು ಭಾರ ಅಂತ ನನ್ನ ಸೊಂಟವನ್ನು ಕೇಳಿ. ಮೊದಲ ಅಂಕಣದಲ್ಲಿ ಜೊಂಡು ತೆಳು ಮಾಡಿ, ನೀರನ್ನು ಗೇಣಿಗಿಂತ ಕಮ್ಮಿ ಆಳ ಮಾಡಿದೆ, ಬಿಸಿಲು ಗಾಳಿ ತಾಕಲಿ ಅಂತ. ಹೂಳು ಗುಂಡಿಯಿಂದ ನೀರು ಸುಮ್ನೆ ಹರಿದು ಬರುವ ಬದಲು ಮೂರು ಕಡಪ ಕಲ್ಲಿನ ತುಂಡಿನ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಧುಮುಕುವ ಹಾಗೆ ಮಾಡಿದೆ. ಸದ್ದು ಕೇಳೋಕೂ ಚೆನ್ನಾಗಿದೆ.

ಮೂರು ವಾರ ಏನೂ ಬದಲಾಗಲಿಲ್ಲ. ಅಮೋನಿಯಾವನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಬೆಳೆಯುವುದೇ ನಿಧಾನ, ಜೊಂಡಿನ ದಂಟಿನ ಮೇಲೆ ಲೋಳೆಯ ಹಾಗೆ ಕೂರಬೇಕು. ನಾಲ್ಕನೇ ವಾರ ಬರುವ ನೀರು 3 ಇದ್ದಾಗ ಹೋಗುವ ನೀರು 0.5. ಅಷ್ಟೇ ಅಲ್ಲ, ನಡುವಿನ ಅಂಕಣದಲ್ಲಿ ನೈಟ್ರೇಟ್ ಪಟ್ಟಿ ಮೊದಲ ಸಲ ಗುಲಾಬಿ ಬಣ್ಣಕ್ಕೆ ತಿರುಗಿತು. ಕೊನೆಯಲ್ಲಿ ಮತ್ತೆ ಬಿಳಿ. ಹುಟ್ಟಿದ್ದೂ ಕಂಡಿತು, ಹೋಗಿದ್ದೂ ಕಂಡಿತು. ಅವತ್ತು ಹೆಂಡತಿಯನ್ನು ಕರೆದು ಮೂರೂ ಪಟ್ಟಿ ತೋರಿಸಿದೆ. "ಇದ್ರಲ್ಲಿ ಏನ್ ನೋಡ್ಬೇಕು?" ಅಂದಳು.

ರಂಜಕ ಹಾಗೆ ಹಾರಿಹೋಗುವುದಿಲ್ಲ

ಸಾರಜನಕಕ್ಕೆ ಗಾಳಿಗೆ ಹೋಗುವ ಬಾಗಿಲಿದೆ. ರಂಜಕಕ್ಕೆ ಇಲ್ಲ. ಅದು ಮಣ್ಣಿನ ಕಣಕ್ಕೆ ಅಂಟಿಕೊಂಡು ಬರುತ್ತದೆ, ಹೂಳಾಗಿ ಕೂರುತ್ತದೆ. ಕೂತ ಜಾಗದಿಂದ ನಾವು ಎತ್ತಿ ಹಾಕುವ ತನಕ ಅಲ್ಲೇ ಇರುತ್ತದೆ. ಸುಮ್ನೆ ಬಿಟ್ಟರೆ ಹೂಳಿನಲ್ಲಿ ಉಸಿರು ಕಟ್ಟಿದಾಗ ಕಬ್ಬಿಣದ ಹಿಡಿತ ಸಡಿಲವಾಗಿ ಮತ್ತೆ ನೀರಿಗೆ ಇಳಿಯುತ್ತದೆ.

ಜೊಂಡು ಹೀರುತ್ತದಲ್ಲ ಅಂತೀರಾ? ನಾನೂ ಹಾಗೇ ಅಂದುಕೊಂಡಿದ್ದೆ. ಒಣ ಜೊಂಡಿನಲ್ಲಿ ರಂಜಕ ಇರುವುದು ನೂರಕ್ಕೆ 0.2ರ ಆಸುಪಾಸು. ಅಂದರೆ ಕ್ವಿಂಟಲ್ ಒಣ ಜೊಂಡು ಕೊಯ್ದು ಹೊತ್ತರೆ ಹೊರಗೆ ಹೋಗುವುದು 200 ಗ್ರಾಂ. ಒಂದೇ ಒಂದು ಕೆಜಿ ಡಿಎಪಿಯಲ್ಲಿ ಅಷ್ಟು ರಂಜಕ ಇದೆ. ಮೇಲಿನ ಐದು ಎಕರೆಗೆ ಬೀಳುವುದು ಚೀಲಗಟ್ಟಲೆ. ಗಿಡವೇ ಎಲ್ಲಾ ತಿಂದು ನೀರು ಶುದ್ಧ ಮಾಡುತ್ತದೆ ಅನ್ನುವ ಮಾತನ್ನು ಅವತ್ತಿನಿಂದ ನಾನು ಹೇಳುವುದು ಬಿಟ್ಟೆ. ಗಿಡ ನೀರಿನ ಓಟ ನಿಲ್ಲಿಸುತ್ತದೆ, ಹೂಳು ಕೂರಿಸುತ್ತದೆ, ಬ್ಯಾಕ್ಟೀರಿಯಾಕ್ಕೆ ಜಾಗ ಕೊಡುತ್ತದೆ, ಬೇರಿಗೆ ಸ್ವಲ್ಪ ಗಾಳಿ ಇಳಿಸುತ್ತದೆ. ಅದೇನೂ ಸಣ್ಣ ಕೆಲಸ ಅಲ್ಲ, ಬಿಡಿ.

ರಂಜಕದ ನಿಜವಾದ ಕೆಲಸಗಾರ ಆ 8 ಅಡಿ 6 ಅಡಿ ಗುಂಡಿ. ನಕ್ಷೆಯಲ್ಲಿ ಅದಕ್ಕೆ ನಾನು ಅಷ್ಟು ಬೆಲೆಯನ್ನೇ ಕೊಟ್ಟಿರಲಿಲ್ಲ. ಭತ್ತದ ಕೊಯ್ಲು ಮುಗಿದು ನೀರು ನಿಂತಾಗ ಕೋಲು ಇಳಿಸಿದರೆ ಒಂದಡಿ ಹೂಳು. ಅರ್ಧ ಟ್ರ್ಯಾಕ್ಟರ್ ಲೋಡ್ ಆಯಿತು. ಕಪ್ಪಗೆ, ಬೆಣ್ಣೆಯ ಹಾಗೆ ನುಣ್ಣಗೆ. ಅಡಿಕೆ ಬುಡಕ್ಕೆ ಹಾಕಿಸಿದೆ. ರಂಜಕದ ಕಿಟ್ಟಿನಲ್ಲಿ ಬರುವ ನೀರು 1 ಇದ್ದರೆ ಹೋಗುವಾಗ ಅರ್ಧ ಅಥವಾ ಅದಕ್ಕಿಂತ ಸ್ವಲ್ಪ ಕಮ್ಮಿ. ಸಾರಜನಕದಷ್ಟು ಚೆನ್ನಾಗಿಲ್ಲ. ಇಟ್ಟಿಗೆ ಚೂರಿಗೂ ಒಂದು ಮಿತಿ ಇದೆ, ಹೊಟ್ಟೆ ತುಂಬಿದ ಮೇಲೆ ಅದೂ ಹಿಡಿಯುವುದಿಲ್ಲ, ಬದಲಾಯಿಸಬೇಕು.

ಇನ್ನೊಂದು ಕಲಿತಿದ್ದು: ಆಫ್ ಮುಗಿದು ನೀರು ಬಂದಾಗ ಮಡುವಿನಿಂದ ಹೊರಡುವ ಮೊದಲ ನೀರನ್ನು ಹೊಂಡಕ್ಕೆ ಬಿಡಬಾರದು. ಅಂಚಿನಲ್ಲಿ ಒಣಗಿದ ಕೆಸರು ಮತ್ತೆ ನೆನೆದಾಗ ರಂಜಕ ಉಗುಳುತ್ತದೆ. ಒಂದು ದಿನ ಹಳ್ಳಕ್ಕೆ ಬಿಟ್ಟು ಆಮೇಲೆ ತಿರುಗಿಸುತ್ತೇನೆ. ಮೇಲಿನ ಗದ್ದೆಗೆ ಕಳೆನಾಶಕ ಹೊಡೆದ ವಾರವೂ ಮಡುವಿನ ಬಾಯಿ ಮುಚ್ಚುತ್ತೇನೆ. ಸೊಳ್ಳೆ ಆಗುತ್ತದೆ ಅಂತ ಅವ್ವ ಗಲಾಟೆ ಮಾಡಿದ್ದಕ್ಕೆ ಗಪ್ಪಿ ಮೀನು ತಂದು ಬಿಟ್ಟೆ. ಮಲೇರಿಯಾ, ಡೆಂಗಿ ತಡೆಯೋಕೆ ಆರೋಗ್ಯ ಇಲಾಖೆಯವರು ತೊಟ್ಟಿ, ಬಾವಿಗೆ ಬಿಡುವುದೂ ಅದನ್ನೇ. ಈಗ ಮಡುವಿನಲ್ಲಿ ಸಾವಿರ ಇವೆ.

ಖರ್ಚಿಲ್ಲದ ಫಿಲ್ಟರ್

ಸೆಪ್ಟೆಂಬರ್‌ನಲ್ಲಿ ಒಂದು ದಿನ ಅಮೋನಿಯಾ ಏಕಾಏಕಿ ಏರಿತು. ಹನಿ ಹಾಕಿದರೆ ಕಿಟ್ಟಿನ ಕೊನೆಯ ಬಣ್ಣ. ಮೇಲೆ ಹೋಗಿ ನೋಡಿದರೆ ದೊಡ್ಡಪ್ಪ ಹಿಂದಿನ ದಿನ ಯೂರಿಯಾ ಎರಚಿ, ರಾತ್ರಿ ನೀರು ಜಾಸ್ತಿ ಆಯಿತು ಅಂತ ಗದ್ದೆಯ ಬಾಯಿ ಒಡೆದು ಬಿಟ್ಟಿದ್ದರು. ಚೀಲದ ದುಡ್ಡು ಅರ್ಧ ಬಸಿಗಾಲುವೆಯಲ್ಲಿ ಹರಿಯುತ್ತಿತ್ತು.

ಬಾಟ್ಲಿಯಲ್ಲಿ ಆ ನೀರು ಹಿಡಿದು ಅವರ ಮುಂದೆಯೇ ಹನಿ ಹಾಕಿ ತೋರಿಸಿದೆ. ಪಕ್ಕದಲ್ಲಿ ಬೋರ್ ನೀರಿನ ಇನ್ನೊಂದು ಬಾಟ್ಲಿ. ಒಂದು ಹಳದಿಯಾಗೇ ಉಳಿಯಿತು, ಇನ್ನೊಂದು ಕಡು ಹಸಿರು.

"ಈ ಹಸ್ರು ಏನಪ?"

"ನೀವು ನಿನ್ನೆ ಹಾಕಿದ್ದು ದೊಡ್ಡಪ್ಪ. ಹಾಕೋ ಮುಂಚೆ ನೀರು ಇಳಿಸ್ರಿ, ಹಾಕಿದ್ಮೇಲೆ ಐದಾರು ದಿನ ಬಾಯಿ ತೆಗೀಬ್ಯಾಡ್ರಿ. ಭತ್ತಾನೇ ತಿಂತೈತಿ."

"ಮಳೆ ಬಂದ್ರ?"

"ಬದು ಒಂದ್ ಗೇಣು ಎತ್ತರ ಮಾಡ್ಸ್ರಿ. ಆಳಿನ ಕೂಲಿ ನಾನ್ ಕೊಡ್ತೀನಿ."

ಕೊಟ್ಟೆ. ಎರಡು ಆಳಿನ ಒಂದು ದಿನದ ಕೂಲಿ. ಮುಂದಿನ ಸಲ ಯೂರಿಯಾ ಬಿದ್ದಾಗ ಬಸಿಗಾಲುವೆಯಲ್ಲೇ ಅಮೋನಿಯಾ 1 ದಾಟಲಿಲ್ಲ. ಜೆಸಿಬಿ, ಇಟ್ಟಿಗೆ, ಬೇಲಿ, ಆಳು ಎಲ್ಲಾ ಸೇರಿ ಹಾಕಿದ ದುಡ್ಡಿಗೂ ಈ ಕೂಲಿಗೂ ಹೋಲಿಸೋಕೆ ಹೋಗಲಿಲ್ಲ, ಸಂಕಟ ಆಗುತ್ತದೆ. ಹಾಗಂತ ಮಡು ಬೇಡವಾಗಿತ್ತು ಅಂತಲ್ಲ. ಮೇಲಿನ ಇನ್ನಿಬ್ಬರು ಬಾಟ್ಲಿ ನೋಡೋಕೂ ಬರಲಿಲ್ಲ. ಜೋರು ಮಳೆಗೆ ಯಾವ ಬದುವೂ ನಿಲ್ಲುವುದಿಲ್ಲ. ಆದರೆ ಎರಡು ಕೆಲಸದಲ್ಲಿ ಯಾವುದು ಮೊದಲು ಅಂತ ಯಾರಾದರೂ ಕೇಳಿದರೆ ಬದು ಅನ್ನುತ್ತೇನೆ.

ಹೊಂಡ ಈಗ ಕನ್ನಡಿಯಂತಿದೆ ಅಂತ ಬರೆದರೆ ಸುಳ್ಳಾಗುತ್ತದೆ. ತಿಳಿ ಹಸಿರು ಇದ್ದೇ ಇದೆ, ಹೊಂಡದ ತಳದಲ್ಲಿ ಹಳೆ ಹೂಳು ಇದೆಯಲ್ಲ. ಮುಂಚೆ ಒಂದು ಗೇಣು ಕೆಳಗೆ ಕೈ ಕಾಣುತ್ತಿರಲಿಲ್ಲ, ಈಗ ಮೊಣಕೈ ತನಕ ಮುಳುಗಿಸಿದರೂ ಬೆರಳು ಕಾಣುತ್ತದೆ. ಡಿಸ್ಕ್ ಫಿಲ್ಟರ್ ನಾಲ್ಕು ದಿನಕ್ಕೊಮ್ಮೆ ತೊಳೆದರೆ ಸಾಕು. ಗುಂಡುಪಿನ್ನು ಡಬ್ಬಿ ಅಟ್ಟಕ್ಕೆ ಹೋಗಿದೆ. ಮತ್ತೆ ಮುನ್ನೂರು ಕಾಟ್ಲಾ ಮರಿ ಬಿಟ್ಟಿದ್ದೇನೆ.

ಮೊನ್ನೆ ಹೂಳು ಎತ್ತಿಸುವಾಗ ದೊಡ್ಡಪ್ಪ ಎರಡು ಖಾಲಿ ಪುಟ್ಟಿ ಹಿಡಿದುಕೊಂಡು ಬಂದರು. ತೆಂಗಿನ ಬುಡಕ್ಕೆ ಬೇಕಂತೆ.

"ನಂದೇ ಗೊಬ್ಬರ, ರೊಕ್ಕ ಕೇಳಬ್ಯಾಡ ಮತ್ತ" ಅಂದರು.

ಪುಟ್ಟಿ ಎರಡಲ್ಲ, ಎಂಟು ಹೋಯಿತು. ಜನವರಿಯಲ್ಲಿ ನಾಲೆ ಬಿಡುವ ಮುಂಚೆ ಜೊಂಡು ಒಂದು ಸುತ್ತು ಕೊಯ್ಯಬೇಕು, ನೀರಿಗಿಂತ ಒಂದಡಿ ಮೇಲೆ. ಕುಡುಗೋಲು ಸಾಣೆಗೆ ಕೊಟ್ಟು ಬಂದಿದ್ದೇನೆ.